ಬೆರಳಿಗೆ ಬಾರದ ರಕ್ತ

ಸುಧಾಳ ಬೆರಳುಗಳು ಬಿಳಿಚಿಕೊಂಡಿದ್ದನ್ನು ಅನುಪಮಾ ಮೊದಲು ನೋಡಿದ್ದು ಗುಬ್ಬಿಯಲ್ಲಿ, ತಂಗಿಯ ಟೈಲರಿಂಗ್ ಅಂಗಡಿಯಲ್ಲಿ. ಮಾರ್ಗಶಿರದ ಚಳಿ. ಸುಧಾ ಯಾರದೋ ಮದುವೆಯ ರವಿಕೆಯನ್ನು ಚೌಕಟ್ಟಿಗೆ ಬಿಗಿದುಕೊಂಡು ತೋಳಿನ ಮೇಲೆ ಕಸೂತಿಯ ಆರಿ ಸೂಜಿಯಿಂದ ನವಿಲು ಕೂರಿಸುತ್ತಿದ್ದಳು. ಮಾತಾಡುತ್ತಿದ್ದ ಹಾಗೆಯೇ ಸೂಜಿ ಕೈಯಿಂದ ಜಾರಿತು. ಎತ್ತಿಕೊಂಡಳು, ಮತ್ತೆ ಜಾರಿತು. ಅನುಪಮಾ ಆ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ತೋರುಬೆರಳು, ನಡುಬೆರಳು ಎರಡೂ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು. ನೋಡುತ್ತಿದ್ದಂತೆ ನೀಲಿಗೆ ತಿರುಗಿದವು.

ಚಳಿಗೆ ಹೀಗಾಗುತ್ತದೆ, ಬಿಸಿನೀರಲ್ಲಿ ಅದ್ದಿದರೆ ಸರಿಹೋಗುತ್ತದೆ ಎಂದು ಸುಧಾ ನಕ್ಕಳು. ಅನುಪಮಾಗೆ ನಗು ಬರಲಿಲ್ಲ. ಚಳಿ ತಾಗಿದೊಡನೆ ಸಣ್ಣ ರಕ್ತನಾಳಗಳು ಮುದುಡಿಕೊಳ್ಳುವುದನ್ನು ಅವಳು ವಾರವಿಡೀ ನೋಡುತ್ತಿದ್ದಳು. ಅದೇ ಅವಳ ಕೆಲಸ.

ತುಮಕೂರಿನ ಹೊರಗೆ, ಕ್ಯಾತ್ಸಂದ್ರದಿಂದ ಆಚೆ, ಹೆದ್ದಾರಿ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಔಷಧ ಸಂಶೋಧನೆಯ ಲ್ಯಾಬಿನಲ್ಲಿ ಅನುಪಮಾ ವಿಜ್ಞಾನಿ. ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಬ್ಬಳೇ ಇದ್ದಳು. ಮುದುಡಿದ ರಕ್ತನಾಳಗಳನ್ನು ಬಿಡಿಸುವ ಒಂದು ಹೊಸ ಔಷಧಿಯನ್ನು ಆ ಲ್ಯಾಬಿನವರು ಮೊಲಗಳ ಮೇಲೆ ಪರೀಕ್ಷಿಸುತ್ತಿದ್ದರು. ಔಷಧಿಗೆ ಇನ್ನೂ ಹೆಸರಿರಲಿಲ್ಲ, ಬರೀ ಒಂದು ನಂಬರ್. ಹಿಂದೆ ಇಂಥ ಕೆಲಸಕ್ಕೆ ಪ್ರಾಣಿಯನ್ನು ಕೊಂದು, ರಕ್ತನಾಳವನ್ನು ಕತ್ತರಿಸಿ ತೆಗೆದು, ಔಷಧಿ ಬಿಟ್ಟು ನೋಡಬೇಕಾಗಿತ್ತು. ಪಿಎಚ್‌ಡಿ ಮಾಡುವಾಗ ಅನುಪಮಾ ಮಾಡಿದ್ದೂ ಅದನ್ನೇ. ಆ ವರ್ಷಗಳಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಈಗ ಹಾಗಲ್ಲ. ಮೊಲದ ಕಿವಿಯ ಮೇಲೆ ಲೇಸರ್ ಬೆಳಕು ಬಿದ್ದರೆ ಒಳಗೆ ಹರಿಯುವ ರಕ್ತದಿಂದ ಆ ಬೆಳಕು ಮಿನುಗುತ್ತದೆ; ಕ್ಯಾಮೆರಾ ಆ ಮಿನುಗನ್ನು ಹಿಡಿದು ಬಣ್ಣವಾಗಿ ತೋರಿಸುತ್ತದೆ. ರಕ್ತ ಚೆನ್ನಾಗಿ ಹರಿಯುವ ಕಡೆ ಕೆಂಪು, ಹರಿಯದ ಕಡೆ ನೀಲಿ. ಚರ್ಮಕ್ಕೆ ಒಂದು ಗೀರೂ ಇಲ್ಲ. ಅದೇ ಮೊಲವನ್ನು ಮುಂದಿನ ವಾರವೂ, ಅದರಾಚೆಯ ವಾರವೂ ನೋಡಬಹುದು. ಕಿವಿಗೆ ತಣ್ಣನೆಯ ತಟ್ಟೆ ತಾಗಿಸಿದರೆ ಪರದೆಯ ಮೇಲಿನ ಕಿವಿ ತುದಿಯಿಂದ ನೀಲಿಯಾಗುತ್ತಾ ಬರುತ್ತಿತ್ತು. ಔಷಧಿ ಕೊಟ್ಟ ಮೊಲಗಳಲ್ಲಿ ಮಾತ್ರ, ಸ್ವಲ್ಪ ಹೊತ್ತಿಗೆಲ್ಲ, ಆ ನೀಲಿಯೊಳಗೆ ಕೆಂಪು ಎಳೆಗಳು ಒಂದೊಂದಾಗಿ ಮೂಡುತ್ತಿದ್ದವು. ಮೊದಲ ಸಲ ಅದನ್ನು ಕಂಡ ದಿನ ಅನುಪಮಾ ಬಸ್ಸಿನಲ್ಲಿ ಮನೆಗೆ ಹೋಗುವಾಗ ತನ್ನಷ್ಟಕ್ಕೆ ನಗುತ್ತಾ ಕೂತಿದ್ದಳು.

ಸುಧಾಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದ್ದೂ ಅವಳೇ. ಸ್ಕ್ಲಿರೋಡರ್ಮಾ ಎಂದರು. ಮೈಯ ಸಣ್ಣ ರಕ್ತನಾಳಗಳು ಒಂದೊಂದಾಗಿ ಕೆಡುತ್ತಾ ಹೋಗುವ, ಚರ್ಮ ಬಿಗಿಯುತ್ತಾ ಹೋಗುವ ಕಾಯಿಲೆ. ಬೆರಳಿನಿಂದ ಶುರುವಾಗಿದೆ, ಶ್ವಾಸಕೋಶಕ್ಕೆ ಹೋಗದಂತೆ ನೋಡಿಕೊಳ್ಳಬೇಕು ಎಂದ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಬೇಸಿಗೆಯಲ್ಲಿ ಸ್ವಲ್ಪ ಗುಣ ಕಂಡಿತು. ಮಳೆಗಾಲ ಕಳೆಯುವ ಹೊತ್ತಿಗೆ ತೋರುಬೆರಳಿನ ತುದಿಯಲ್ಲಿ ಹುಣ್ಣಾಯಿತು. ಅದು ಮಾಯಲಿಲ್ಲ.

ಅಕ್ಕತಂಗಿಯರಿಗೆ ಎಂಟು ವರ್ಷದ ಅಂತರ. ಅಮ್ಮ ತೀರಿಕೊಂಡಾಗ ಅವರು ಕುಣಿಗಲ್‌ನಲ್ಲಿದ್ದರು. ಅಪ್ಪ ಮಹಾದೇವಯ್ಯ ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಸುಧಾಗೆ ಆಗ ಐದು ವರ್ಷ. ಅಮ್ಮ ಆಸ್ಪತ್ರೆಗೆ ಹೋಗಿದ್ದಾಳೆ, ಹುಷಾರಾದ ಮೇಲೆ ಬರುತ್ತಾಳೆ ಎಂದು ಅನುಪಮಾ ಅವಳಿಗೆ ಹೇಳಿದ್ದಳು. ಮಗು ಅದನ್ನೇ ನಂಬಿ ದಿನಾ ಸಂಜೆ ಗೇಟಿನ ಹತ್ತಿರ ನಿಲ್ಲುತ್ತಿತ್ತು. ಎಷ್ಟೋ ತಿಂಗಳ ಮೇಲೆ ಪಕ್ಕದ ಮನೆಯ ಹುಡುಗಿಯ ಬಾಯಿಂದ ನಿಜ ಗೊತ್ತಾದಾಗ ಸುಧಾ ಅಳಲಿಲ್ಲ. ಅಕ್ಕನ ಎದುರಿಗೆ ಬಂದು ನಿಂತು, ಇನ್ನು ಮೇಲೆ ಯಾವತ್ತೂ ನನಗೆ ಸುಳ್ಳು ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು. ಆಮೇಲೆ ಅವಳಿಗೆ ಜಡೆ ಹೆಣೆದವಳು, ಲೆಕ್ಕ ಹೇಳಿಕೊಟ್ಟವಳು, ಗುಬ್ಬಿಯ ಚನ್ನೇಶನಿಗೆ ಧಾರೆ ಎರೆಯುವಾಗ ಅಮ್ಮನ ಜಾಗದಲ್ಲಿ ನಿಂತವಳು ಅನುಪಮಾ. ಆ ಆಣೆಯನ್ನು ಅವಳು ಒಮ್ಮೆಯೂ ಮುರಿದಿರಲಿಲ್ಲ.

ಹುಣ್ಣಾದ ಮೇಲೆ ಒಂದು ಭಾನುವಾರ ಸುಧಾ, ನೀನು ದಿನಾ ಅದೇನು ಮಾಡುತ್ತೀಯೋ ನೋಡಬೇಕು ಎಂದು ಹಟ ಮಾಡಿ ತುಮಕೂರಿಗೆ ಬಂದಳು. ಅನುಪಮಾ ಲ್ಯಾಬಿನ ಮುಖ್ಯಸ್ಥ ರಂಗನಾಥ್ ಅವರ ಅನುಮತಿ ಪಡೆದು ತಂಗಿಗೆ ಗೌನು, ಮಾಸ್ಕು, ಕೈಗವಸು ಹಾಕಿಸಿ ಒಳಗೆ ಕರೆದುಕೊಂಡು ಹೋದಳು. ಸುಧಾಗೆ ಮೊಲಗಳನ್ನು ಕಂಡು ಖುಷಿಯೋ ಖುಷಿ. ಅದರಲ್ಲೂ ಒಂದು ಮೊಲ, ಯಾರು ಹತ್ತಿರ ಹೋದರೂ ಎದ್ದು ನಿಂತು ಮೂಗು ಆಡಿಸುತ್ತಿದ್ದದ್ದು, ಅವಳಿಗೆ ತುಂಬಾ ಹಿಡಿಸಿತು. ಅದನ್ನೇ ಕ್ಯಾಮೆರಾದ ಕೆಳಗೆ ಕೂರಿಸಿದ್ದಾಯಿತು. ತಣ್ಣನೆಯ ತಟ್ಟೆ ಇಟ್ಟಾಗ ಕಿವಿ ನೀಲಿಯಾದದ್ದು, ಮತ್ತೆ ಕೆಂಪಾಗಿ ತುಂಬಿಕೊಂಡದ್ದು ಎರಡನ್ನೂ ಸುಧಾ ಉಸಿರು ಬಿಗಿಹಿಡಿದು ನೋಡಿದಳು.

ಮೊಲವನ್ನು ಗೂಡಿಗೆ ಬಿಟ್ಟು ಬರುವಷ್ಟರಲ್ಲಿ ಸುಧಾ ಗವಸು ಕಳಚಿ ತನ್ನ ಕೈಯನ್ನೇ ಕ್ಯಾಮೆರಾದ ಕೆಳಗೆ ಇಟ್ಟಿದ್ದಳು. ಅದರಿಂದ ಏನೂ ಅಪಾಯವಿಲ್ಲ, ಬರೀ ಬೆಳಕು. ಆದರೂ ಬೇಡವೆನ್ನಲು ಅನುಪಮಾ ಬಾಯಿ ತೆರೆಯುವ ಮೊದಲೇ ಪರದೆಯ ಮೇಲೆ ಚಿತ್ರ ಬಂದಾಗಿತ್ತು. ಅಂಗೈ ಕೆಂಪಗಿತ್ತು. ಬೆರಳುಗಳ ಬುಡದ ಹತ್ತಿರ ಆ ಕೆಂಪು ತೆಳುವಾಯಿತು. ಅಲ್ಲಿಂದ ಮುಂದಕ್ಕೆ ಬರೀ ಕಡುನೀಲಿ. ತೋರುಬೆರಳಿನ ತುದಿಯಂತೂ ಹಿಂದಿನ ಕಪ್ಪಿನಲ್ಲಿ ಕರಗಿಹೋಗಿ, ಅಲ್ಲಿ ಬೆರಳೇ ಇಲ್ಲವೇನೋ ಎನ್ನುವಂತೆ ಕಾಣುತ್ತಿತ್ತು.

ಸುಧಾ ಒಮ್ಮೆ ತನ್ನ ಕೈಯನ್ನು ನೋಡಿದಳು, ಒಮ್ಮೆ ಪರದೆಯನ್ನು. ಆಮೇಲೆ ಮೆಲ್ಲಗೆ ಕೇಳಿದಳು.

"ಆ ಮೊಲಕ್ಕೆ ಕೊಟ್ಟಿದ್ದನ್ನ ನಂಗೂ ಕೊಡಕ್ಕ."

ಅನುಪಮಾ ಅವಳನ್ನು ಹೊರಗೆ ಕ್ಯಾಂಟೀನಿಗೆ ಕರೆದುಕೊಂಡು ಬಂದು ಕೂರಿಸಿ ವಿವರಿಸಿದಳು. ಈ ಮೊಲಗಳಿಗೆ ದಿನಾ ಕೊಡಲು ಶುರುಮಾಡಿ ಇನ್ನೂ ಕೆಲವೇ ವಾರ ಆಗಿವೆ. ತಿಂಗಳುಗಟ್ಟಲೆ ಕೊಟ್ಟರೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಮನುಷ್ಯರಿಗೆ ಕೊಡಬೇಕಾದರೆ ಇನ್ನೂ ವರ್ಷಗಳೇ ಬೇಕು. ಸುಧಾ ಕಾಫಿ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿಹಿಡಿದು ಎಲ್ಲವನ್ನೂ ಕೇಳಿಸಿಕೊಂಡಳು.

"ಏನಾದ್ರೂ ಆಗ್ಲಿ, ನಾನು ಒಪ್ಕೊಂಡಿದೀನಿ. ಬೆರಳು ಹೋದ್ರೆ ಸೂಜಿ ಹಿಡಿಯೋದು ಹೆಂಗೆ ಹೇಳು."

"ಆಗಲ್ಲ ಕಣೇ ಸುಧಾ. ನನ್ನ ಕೈಯಾರೆ ನಿಂಗೆ ಏನಾದ್ರೂ ಆದ್ರೆ ನಾನು ಬದುಕಿರಲ್ಲ."

"ಮೊಲಕ್ಕೆ ಕೊಡೋ ಕೈಯಿ, ನಂಗೆ ಕೊಡಕ್ಕೆ ಬರಲ್ಲ ಅಂತೀಯ."

ಅಷ್ಟು ಹೇಳಿ ಅವಳು ಎದ್ದಳು. ಅಕ್ಕ ಸ್ಟೇಷನ್ನಿನವರೆಗೆ ಬರುತ್ತೇನೆಂದರೂ ಬೇಡವೆಂದು ಆಟೊ ಹತ್ತಿ ಹೋದಳು.

ಅನುಪಮಾಗೆ ಆಸೆಯಾಗಲಿಲ್ಲ ಎಂದಲ್ಲ. ಮರುದಿನ ಕೆಲಸದ ನಡುವೆ ಅವಳು ಒಂದು ಚೀಟಿಯ ಮೇಲೆ, ಮೊಲಕ್ಕೆ ಇಷ್ಟಾದರೆ ಸುಧಾಳ ತೂಕಕ್ಕೆ ಎಷ್ಟು ಎಂದು ಲೆಕ್ಕ ಹಾಕಿದಳು. ಔಷಧಿ ಇಟ್ಟಿದ್ದ ಫ್ರಿಜ್ಜಿನ ಬಾಗಿಲು ತೆರೆದು, ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯುವಷ್ಟು ಹೊತ್ತು ನಿಂತಳು. ಒಂದು ಪುಟ್ಟ ಸೀಸೆ ಬ್ಯಾಗಿನಲ್ಲಿ ಹೋದರೆ ಕೇಳುವವರು ಯಾರೂ ಇರಲಿಲ್ಲ. ಕೊನೆಗೆ ಬಾಗಿಲು ಹಾಕಿ ಚೀಟಿಯನ್ನು ಹರಿದು ಬಿಸಾಡಿದಳು. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

ಆ ಚಳಿಗಾಲವೆಲ್ಲ ಸುಧಾ ಅಕ್ಕನ ಫೋನ್ ಎತ್ತಲಿಲ್ಲ. ಚನ್ನೇಶ ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್. ಕಂಬದಿಂದ ಇಳಿದಾಗ, ಊಟಕ್ಕೆ ಕೂತಾಗ ಅವನೇ ಫೋನ್ ಮಾಡಿ ಸುದ್ದಿ ಹೇಳುತ್ತಿದ್ದ. ಹುಣ್ಣು ಕಪ್ಪಾಗಿದೆ ಎಂದ. ಮದುವೆ ಸೀಸನ್ನಿಗೆ ಒಪ್ಪಿಕೊಂಡ ರವಿಕೆಗಳನ್ನೆಲ್ಲ ವಾಪಸ್ ಕೊಟ್ಟಳು ಎಂದ. ಸಂಕ್ರಾಂತಿಯಾದ ಮೇಲೆ ಒಂದು ದಿನ, ತೋರುಬೆರಳಿನ ಎರಡು ಗೆಣ್ಣು ತೆಗೆದುಬಿಟ್ಟರು ಅತ್ತಿಗೆ ಎಂದ. ಮೊದಲೇ ಹೇಳಬೇಡವೆಂದು ಸುಧಾ ಅವನ ಬಾಯಿ ಕಟ್ಟಿಹಾಕಿದ್ದಳಂತೆ.

ಅನುಪಮಾ ಸಿಕ್ಕಿದ ಬಸ್ ಹತ್ತಿ ಗುಬ್ಬಿಗೆ ಓಡಿದಳು. ಅಂಗಡಿಯ ಷಟರ್ ಇಳಿಸಿತ್ತು. ಮನೆಯಲ್ಲಿ ಸುಧಾ ಎಡಗೈಯಲ್ಲಿ ಕಾಫಿ ತಂದಿಟ್ಟಳು. ಬ್ಯಾಂಡೇಜ್ ಸುತ್ತಿದ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಇದ್ದಳು. ಜಗಳವಾಡಲಿಲ್ಲ. ಊಟ ಮಾಡಿಕೊಂಡು ಹೋಗು ಎಂದಳು, ಕೆಲಸ ಹೇಗೆ ನಡೆಯುತ್ತಿದೆ ಎಂದು ಕೇಳಿದಳು, ದೂರದ ನೆಂಟರನ್ನು ಕೇಳುವ ಹಾಗೆ. ಅವಳು ಬೈದಿದ್ದರೆ ಅನುಪಮಾಗೆ ಎಷ್ಟೋ ಹಗುರವಾಗುತ್ತಿತ್ತು.

ಅದಾದ ಸ್ವಲ್ಪ ದಿನಕ್ಕೇ ಪರದೆಯ ಮೇಲೆ ಬೇರೆಯದೇ ಕಾಣತೊಡಗಿತು. ಮೊದಲಿಗೆ ಅನುಪಮಾ ಕ್ಯಾಮೆರಾ ಕೆಟ್ಟಿದೆ ಎಂದುಕೊಂಡು ಎಲ್ಲವನ್ನೂ ಮತ್ತೆ ಸರಿಮಾಡಿ ನೋಡಿದಳು. ಕ್ಯಾಮೆರಾ ಸರಿಯಾಗಿಯೇ ಇತ್ತು. ಮೂರು ತಿಂಗಳು ಅಷ್ಟು ಚೆನ್ನಾಗಿ ತೆರೆದುಕೊಳ್ಳುತ್ತಿದ್ದ ರಕ್ತನಾಳಗಳು ಈಗ ಔಷಧಿಗೆ ಜಗ್ಗುತ್ತಿರಲಿಲ್ಲ. ಕೆಂಪು ಎಳೆಗಳು ವಾರದಿಂದ ವಾರಕ್ಕೆ ಮಾಸುತ್ತಾ ಬಂದವು. ಔಷಧಿ ನಿಲ್ಲಿಸಿ ನೋಡೋಣ ಎಂದರು ರಂಗನಾಥ್. ನಿಲ್ಲಿಸಿದರೆ ಇನ್ನೂ ಕೆಟ್ಟದ್ದಾಯಿತು. ಚಳಿಯಿಲ್ಲ, ತಣ್ಣನೆಯ ತಟ್ಟೆಯಿಲ್ಲ, ಸುಮ್ಮನೆ ಕೂತ ಮೊಲದ ಕಿವಿಯಲ್ಲಿ ನಾಳಗಳು ಮುಷ್ಟಿ ಹಿಡಿದಂತೆ ಮುಚ್ಚಿಕೊಂಡವು. ಕಿವಿಯ ತುದಿಗಳು ಕಪ್ಪಾಗಿ ಒಣಗಿದವು. ಹೋಲಿಸಿ ನೋಡಲೆಂದು ಔಷಧಿಯ ಬದಲು ಬರೀ ಉಪ್ಪುನೀರು ಕೊಟ್ಟಿದ್ದ ಮೊಲಗಳು ಆರಾಮವಾಗಿಯೇ ಇದ್ದವು.

ನೋವು ತಿನ್ನುವ ಪ್ರಾಣಿಯನ್ನು ಉಳಿಸಿಕೊಳ್ಳುವ ಹಾಗಿಲ್ಲ. ಔಷಧಿ ತಿಂದ ಅಷ್ಟೂ ಮೊಲಗಳನ್ನು ನಿದ್ದೆಯ ಸೂಜಿ ಕೊಟ್ಟು ಕಳಿಸಬೇಕಾಯಿತು. ಬೇರೆಯವರಿಗೆ ಬಿಡದೆ ಅನುಪಮಾ ತಾನೇ ನಿಂತು ಮಾಡಿದಳು. ಮೂಗು ಆಡಿಸುತ್ತಿದ್ದ ಮೊಲ ಆ ದಿನವೂ ಅವಳು ಹತ್ತಿರ ಬಂದಾಗ ಎದ್ದು ನಿಂತಿತು. ಪ್ರಾಣಿ ಕೊಲ್ಲದ ಕೆಲಸ ಎಂದು ನಂಬಿಕೊಂಡು ಅವಳು ಇಲ್ಲಿಗೆ ಬಂದಿದ್ದಳು.

ಮೀಟಿಂಗಿನಲ್ಲಿ ರಂಗನಾಥ್ ಅವಳನ್ನು ಮೆಚ್ಚಿ ಮಾತಾಡಿದರು. ಹಳೆಯ ರೀತಿಯಲ್ಲಿ ಮೊದಲ ವಾರದಲ್ಲೇ ನಾಳ ಕತ್ತರಿಸಿ ನೋಡಿದ್ದರೆ ಔಷಧಿ ಅದ್ಭುತವೆಂದು ಬರೆದುಬಿಡುತ್ತಿದ್ದೆವು, ಮುಂದೆ ಅದು ಮನುಷ್ಯರಿಗೂ ಹೋಗುತ್ತಿತ್ತು. ಅದದೇ ಮೊಲಗಳನ್ನು ಬಿಡದೆ ನೋಡುತ್ತಾ ಬಂದಿದ್ದರಿಂದ ಉಳಿದುಕೊಂಡೆವು ಎಂದರು. ಅನುಪಮಾ ತಲೆಯಾಡಿಸಿದಳು. ಅವಳ ಮನಸ್ಸಿನಲ್ಲಿದ್ದದ್ದು ಒಂದೇ. ಸುಧಾಗೆ ಹೇಳಬೇಕು. ನಾನು ಕೊಡದೆ ಇದ್ದದ್ದು ಕಲ್ಲುಮನಸ್ಸಿನಿಂದಲ್ಲ, ನೋಡು, ಕೊಟ್ಟಿದ್ದರೆ ನಿನ್ನ ಹತ್ತೂ ಬೆರಳು ಹೋಗುತ್ತಿದ್ದವು ಎಂದು ಹೇಳಬೇಕು. ಹಾಗೆ ಯೋಚಿಸುವಾಗ ಎದೆಯೊಳಗೆ ತಿಂಗಳುಗಳಿಂದ ಕೂತಿದ್ದ ಗಂಟು ಸಡಿಲವಾದಂತೆ ಅನ್ನಿಸಿತು. ಅಷ್ಟು ಮೊಲಗಳನ್ನು ಕಳೆದುಕೊಂಡ ವಾರದಲ್ಲಿ ತನಗೆ ಸಮಾಧಾನವಾಗುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು.

ಹೇಳುವುದಕ್ಕೆ ಗುಬ್ಬಿಯವರೆಗೆ ಹೋಗಬೇಕಾಗಲಿಲ್ಲ. ಎರಡು ಹೆಜ್ಜೆ ಹಾಕಿದರೆ ಏದುಸಿರು ಬರುತ್ತಿದೆ ಎಂದು ಚನ್ನೇಶ ಸುಧಾಳನ್ನು ತುಮಕೂರಿನ ಒಂದು ಆಸ್ಪತ್ರೆಗೆ ತಂದು ಸೇರಿಸಿದ್ದ. ಕಾಯಿಲೆ ಶ್ವಾಸಕೋಶದ ನಾಳಗಳಿಗೆ ಹಬ್ಬಿತ್ತು. ಅನುಪಮಾ ವಾರ್ಡಿನ ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ತಂಗಿಯ ದನಿ ಕೇಳಿಸಿತು. ಹಾಸಿಗೆ ಬದಲಿಸುತ್ತಿದ್ದ ಆಯಾ ವನಜಮ್ಮನ ಜೊತೆ, ನಡುನಡುವೆ ಉಸಿರು ತೆಗೆದುಕೊಳ್ಳುತ್ತಾ ಮಾತಾಡುತ್ತಿದ್ದಳು. ನಮ್ಮಕ್ಕ ಇದಕ್ಕೇ ಒಂದು ಔಷಧಿ ಮಾಡುತ್ತಿದ್ದಾಳೆ, ನಾನೇ ಕಣ್ಣಾರೆ ನೋಡಿದೀನಿ, ಸತ್ತ ಕಿವಿಗೆ ರಕ್ತ ಬಂತು. ಪರೀಕ್ಷೆ ಮುಗಿಯಬೇಕಂತೆ, ಅದು ಮುಗಿದು ಬಂದರೆ ಅಂಗಡಿ ತೆಗೆಯುತ್ತೇನೆ, ಒಂದು ಬೆರಳು ಇಲ್ಲದಿದ್ದರೇನು, ನಡುಬೆರಳಲ್ಲೇ ಸೂಜಿ ಹಿಡಿಯೋದು ಕಲಿಯುತ್ತೇನೆ. ಆಗ ಕೊಡಲ್ಲ ಅಂದಳು ಎಂದು ನನಗೆ ಬಲು ಸಿಟ್ಟು ಬಂದಿತ್ತು, ಆದರೆ ಅವಳು ಯಾವುದನ್ನೂ ಅರ್ಧಂಬರ್ಧ ಮಾಡುವವಳಲ್ಲ.

ಅನುಪಮಾ ಬಾಗಿಲ ಹೊರಗೇ ನಿಂತಳು. ತಂಗಿಯ ಸಿಟ್ಟು ಯಾವಾಗಲೋ ಇಳಿದುಹೋಗಿತ್ತು. ಅದನ್ನು ಇಳಿಸಲೆಂದು ತಾನು ಹೊತ್ತು ತಂದ ಮಾತು ಯಾರಿಗೂ ಬೇಕಾಗಿರಲಿಲ್ಲ. ಅಲ್ಲಿಂದಲೇ ತಿರುಗಿ ಹೋಗಿಬಿಡಲೇ ಎಂದುಕೊಂಡಳು. ಅಷ್ಟರಲ್ಲಿ ವನಜಮ್ಮ ಹೊರಗೆ ಬಂದವಳು, ಬನ್ನಿ ಮೇಡಂ, ನಿಮ್ಮ ಸುದ್ದಿಯೇ ಎಂದಳು.

ಸುಧಾ ತುಂಬಾ ಸಣ್ಣಗಾಗಿದ್ದಳು. ಮೂಗಿಗೆ ಆಕ್ಸಿಜನ್ ನಳಿಕೆ. ಅಕ್ಕನನ್ನು ಕಂಡು ಹಾಸಿಗೆಯಲ್ಲೇ ಸರಿದು ಜಾಗ ಮಾಡಿದಳು. ಮುಖದ ಚರ್ಮ ಬಿಗಿದಿದ್ದರಿಂದ ನಗು ಪೂರ್ತಿ ಅರಳಲಿಲ್ಲ, ಆದರೆ ಅದು ಅವಳ ಹಳೆಯ ನಗುವೇ. ಅನುಪಮಾ ಪಕ್ಕದಲ್ಲಿ ಕೂತು, ಗೆಣ್ಣು ಹೋದ ಆ ಕೈಯನ್ನು ಮೊದಲ ಸಲ ತನ್ನ ಕೈಯೊಳಗೆ ತೆಗೆದುಕೊಂಡಳು. ಐಸಿನಂತೆ ತಣ್ಣಗಿತ್ತು.

"ಮುಗೀತಾ ಅಕ್ಕ, ನಿನ್ನ ಪರೀಕ್ಷೆ?"

ಇನ್ನೂ ಇಲ್ಲ ಎಂದು ಒಂದು ಮಾತು ಅಂದರೆ ಸಾಕಿತ್ತು. ಅದು ಅವಳ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸುಧಾ ಅವಳ ಮುಖವನ್ನೇ ನೋಡುತ್ತಿದ್ದಳು, ಕುಣಿಗಲ್‌ನ ಆ ಐದು ವರ್ಷದ ಮಗು ನೋಡಿದ ಹಾಗೆಯೇ.

"ಮುಗೀತು ಕಣೇ. ಅದು ಕೆಲಸ ಮಾಡ್ಲಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದಳು. ಮೊದಲು ಚೆನ್ನಾಗಿದ್ದದ್ದು, ಆಮೇಲೆ ಮಾಸಿದ್ದು, ನಿಲ್ಲಿಸಿದ ಮೇಲೆ ಕಿವಿ ಕಪ್ಪಾದದ್ದು. ಹೇಳುತ್ತಾ ಹೇಳುತ್ತಾ ತಂಗಿಯ ಮುಖದಿಂದ ಏನೋ ಒಂದು ಜಾರಿಹೋಗುತ್ತಿರುವುದು ಕಾಣುತ್ತಿತ್ತು. ನಿಲ್ಲಿಸಲು ಆಗಲಿಲ್ಲ. ಸುಧಾ, ಆ ಮೂಗಾಡಿಸೋ ಮೊಲಕ್ಕೂ ಹಾಗೆಯೇ ಆಯಿತೇ, ನೋವು ತಿಂತೇ ಎಂದು ಕೇಳಿದಳು. ಹೆಚ್ಚು ನೋವಾಗಲು ಬಿಡಲಿಲ್ಲ ಎಂದಳು ಅನುಪಮಾ.

"ಒಳ್ಳೇದಾಯ್ತು ಬುಡು, ನೀನು ಕೊಡದೆ ಇದ್ದಿದ್ದು," ಎಂದಳು ಸುಧಾ. "ನೀನೇ ಸರಿ ಕಣಕ್ಕ."

ಯಾವ ಮಾತನ್ನು ಕೇಳಲು ಅನುಪಮಾ ಅಷ್ಟು ತಿಂಗಳು ಹಂಬಲಿಸಿದ್ದಳೋ ಅದೇ ಮಾತು. ಸುಧಾ ಅದನ್ನು ಹೇಳಿ, ಅಕ್ಕನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೊದಿಕೆಯೊಳಗೆ ಇಟ್ಟುಕೊಂಡಳು. ಸ್ವಲ್ಪ ಮಲಗುತ್ತೇನೆ ಎಂದಳು. ಅದಾದ ಮೇಲೆ ಅವಳು ಅಂಗಡಿಯ ಮಾತನ್ನು ಯಾರೊಂದಿಗೂ ಆಡಲಿಲ್ಲ. ಅನುಪಮಾ ರಜೆ ಹಾಕಿ ಹಗಲೆಲ್ಲ ಪಕ್ಕದಲ್ಲೇ ಇದ್ದಳು, ತಲೆ ಬಾಚಿದಳು, ಗಂಜಿ ಕುಡಿಸಿದಳು. ಸುಧಾ ಬೇಡವೆನ್ನದೆ ಎಲ್ಲವನ್ನೂ ಮಾಡಿಸಿಕೊಂಡಳು. ಡಾಕ್ಟರು ಹೊಸ ಮಾತ್ರೆಯ ವಿಷಯ ಹೇಳಿದರೆ ಮೊದಲಿನ ಹಾಗೆ ಪ್ರಶ್ನೆ ಕೇಳುತ್ತಿರಲಿಲ್ಲ. ಯುಗಾದಿ ಮುಗಿದು ಬಿಸಿಲು ಏರಿದ ಒಂದು ಮಧ್ಯಾಹ್ನ, ಚನ್ನೇಶ ಎಳನೀರು ತರಲು ಕೆಳಗೆ ಹೋಗಿದ್ದಾಗ, ಅನುಪಮಾಳ ತೋಳಿನ ಮೇಲೆ ತಲೆಯಿಟ್ಟು ಹೋಗಿಬಿಟ್ಟಳು.

ಕಡಬದಲ್ಲಿ, ಚನ್ನೇಶನ ಅಪ್ಪನ ತೆಂಗಿನ ತೋಟದ ಅಂಚಿನಲ್ಲಿ ಮಣ್ಣು ಮಾಡಿದರು. ಹನ್ನೊಂದನೆಯ ದಿನ ಶಿವಗಣಾರಾಧನೆ ಮುಗಿಸಿ, ಬಂದ ನೆಂಟರೆಲ್ಲ ಹೊರಟ ಮೇಲೆ, ಚನ್ನೇಶ ಅನುಪಮಾಳನ್ನು ಬೈಕಿನಲ್ಲಿ ಗುಬ್ಬಿ ಸ್ಟೇಷನ್ನಿಗೆ ಕರೆದುಕೊಂಡು ಬಂದ. ಇನ್ನೂ ಬಿಸಿಲಿತ್ತು. ಪ್ಲಾಟ್‌ಫಾರ್ಮಿನಲ್ಲಿ ಜನ ಕಡಿಮೆ. ಅವಳು ಕಲ್ಲುಬೆಂಚಿನ ಮೇಲೆ ಕೂತಳು, ಅವನು ಕಂಬಕ್ಕೆ ಒರಗಿ ನಿಂತ. ಲ್ಯಾಬಿಗೆ ಯಾವಾಗ ಹೋಗುತ್ತೀರಿ ಎಂದು ಕೇಳಿದ. ಸೋಮವಾರ ಎಂದಳು. ಬೇರೆ ಔಷಧಿ ಶುರುವಾಗುತ್ತದಾ ಎಂದ. ಹೌದು ಎಂದಳು. ಅವನು ಹಳಿಗಳ ಕಡೆ ತಿರುಗಿದ.

"ಅತ್ತಿಗೆ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಆ ಮೊಲಗಳು ಮೊದಲು ಮೂರು ತಿಂಗಳು ಚೆನ್ನಾಗಿದ್ವು ಅಂದ್ರಲ್ಲ. ನಮ್ಮ ಸುಧಂಗೂ ಕೊಟ್ಟಿದ್ರೆ, ಅಷ್ಟು ದಿನ ಬೆರಳು ಬೆಚ್ಚಗಿರ್ತಿದ್ವಾ?"

ಅವನ ದನಿಯಲ್ಲಿ ದೂರಿರಲಿಲ್ಲ. ಹೆಂಡತಿ ಇನ್ನೆಲ್ಲಾದರೂ ಒಂದಿಷ್ಟು ದಿನ ಸುಖವಾಗಿ ಇರಬಹುದಾಗಿತ್ತೇ ಎಂದು ಹುಡುಕುತ್ತಿದ್ದವನ ದನಿ ಅದು. ಹೇಗೂ ಉಳಿಯದಿದ್ದವಳಿಗೆ ಒಂದು ಮದುವೆ ಸೀಸನ್ನಿನಷ್ಟು ದಿನ ಸಿಗುತ್ತಿತ್ತೇ ಎನ್ನುವ ಪ್ರಶ್ನೆ ಅನುಪಮಾಗೆ ಈವರೆಗೆ ಹೊಳೆದಿರಲಿಲ್ಲ. ಕೊಟ್ಟಿದ್ದರೆ ಮುಂದೆ ಏನಾಗುತ್ತಿತ್ತು ಎನ್ನುವುದನ್ನಷ್ಟೇ ಅವಳು ಲೆಕ್ಕಕ್ಕೆ ಹಿಡಿದಿದ್ದಳು. ಮನುಷ್ಯರಲ್ಲಿ ಬೇರೆ ಥರ ಆಗಬಹುದು, ಮೊದಲ ದಿನವೇ ಕೆಡಬಹುದಾಗಿತ್ತು ಎಂದು ಹೇಳಬಹುದಿತ್ತು. ಅದೂ ಸುಳ್ಳೇನಲ್ಲ. ಆದರೆ ಅವನು ಕೇಳಿದ್ದು ಅದನ್ನಲ್ಲ.

"ಇರ್ತಿದ್ವೇನೋ ಚನ್ನೇಶ," ಎಂದಳು. "ಇರ್ತಿದ್ವು ಅಂತ್ಲೇ ಅನ್ಸುತ್ತೆ."

ಅವನು ತಲೆಯಾಡಿಸಿದ. ಕರ್ಚೀಫು ತೆಗೆದು ಮುಖ ಒರೆಸಿಕೊಂಡ, ಬೆವರನ್ನು ಒರೆಸಿಕೊಂಡಂತೆ.

ರೈಲು ಬಂತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಅನುಪಮಾ ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು ಕೂತೇ ಇದ್ದಳು. ಹತ್ತಿ ಅತ್ತಿಗೆ ಎಂದು ಚನ್ನೇಶನೂ ಹೇಳಲಿಲ್ಲ. ರೈಲು ಹೊರಟು ಹೋದ ಮೇಲೆ ಅವನು ಬಂದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಮುಂದಿನ ಗಾಡಿ ಬರುವವರೆಗೂ ಇಬ್ಬರೂ ಅಲ್ಲೇ ಇದ್ದರು.